ಸ್ಥಿತಿ ವರದಿ

ವಸ್ತು: ಟಿಫಿನ್ ಕ್ಯಾರಿಯರ್, ಮೂರು ಡಬ್ಬಿಯದು.
ಲೋಹ: ಸ್ಟೀಲು.
ಸಂಖ್ಯೆ: ಇನ್ನೂರ ಹನ್ನೊಂದರಲ್ಲಿ ನೂರಾ ಏಳು.
ಗಾಯಗಳಿದ್ದರೆ ಇಲ್ಲಿ ಬರೆಯುವುದು.

ಬಿಳಿ ಕೈಗವಸು ಹಾಕಿಕೊಂಡು ಬರೆಯುತ್ತೇನೆ.
ಎಡಮಗ್ಗುಲಲ್ಲಿ ನೆಗ್ಗು, ಹೆಬ್ಬೆರಳು ಕೂರುವಷ್ಟು.
ತಳದಲ್ಲಿ ಮಸಿ, ಯಾರೋ ಸೀದಾ ಒಲೆಯ ಮೇಲೇ ಇಟ್ಟದ್ದು.
ಕೊಂಡಿ ಸಡಿಲ.
ಮೊದಲು ಒಳಕ್ಕೊತ್ತಿ, ಆಮೇಲೆ ಮೇಲಕ್ಕೆಳೆದು
ಒಂದು ಗುದ್ದು ಕೊಟ್ಟರಷ್ಟೇ ತೆರೆಯುತ್ತದೆ.
ಇದನ್ನು ಬರೆಯಲು ಕಾಲಮ್ಮಿಲ್ಲ.
ವಾಸನೆಗೂ ಇಲ್ಲ.

ಶಾರ್ಜಾದ ಕ್ರೀಕಿನಲ್ಲಿ ಈರುಳ್ಳಿ ಇಳಿಸುವ ಮಚವೆಗಳಿಗೆ
ಬೆನ್ನು ಹಾಕಿ ನಿಂತ ಬಿಳಿಗೋಡೆಯ ಕೋಣೆ ನಮ್ಮದು.
ಒಳಗೆ ಬಂದದ್ದು ಯಾವುದೂ ಅದಾಗಿ ಉಳಿಯುವುದಿಲ್ಲ.
ಹೋದ ವರ್ಷ ಒಂದು ಸಿಮೆಂಟಿನ ಚೀಲ;
ಮುಟ್ಟಬಾರದೆಂದು ಸುತ್ತ ಹಗ್ಗ ಕಟ್ಟಿದ್ದೆವು.
ಅದಕ್ಕೂ ಮೊದಲು ಒಂದು ಪ್ಲಾಸ್ಟಿಕ್ ಕುರ್ಚಿ.
ಅದರ ಕಾವಲಿಗೆ ನಾಲ್ಕು ತಿಂಗಳು
ದಿನವಿಡೀ ನಿಂತೇ ಇದ್ದವನು ಸ್ವಾತದ ಗುಲ್ ಝರೀನ್.

ಮೈಸೂನ್, ಕಲಾವಿದೆ, ಲಾರಿ ಮಾಡಿಕೊಂಡು
ಸಜಾದ ಕ್ಯಾಂಪುಗಳಿಗೆ ಹೋದಳಂತೆ.
ಹಳೆಯದು ಕೊಡಿ, ಹೊಸದು ತಗೊಳ್ಳಿ ಅಂದಳಂತೆ.
ನಮ್ಮ ಕೇರಿಗೆ ಹಳೆ ಬಟ್ಟೆಗೆ ಪಾತ್ರೆ ಕೊಡುವವಳು ಬರುತ್ತಿದ್ದಳು,
ಸೀರೆಯನ್ನು ಬೆಳಕಿಗೆ ಹಿಡಿದು, ಮೂಗು ಮುರಿದು,
ಇನ್ನೊಂದು ಪ್ಯಾಂಟು ತಾ ಅನ್ನುತ್ತಿದ್ದಳು.
ಇವಳು ಚೌಕಾಸಿ ಮಾಡಲಿಲ್ಲ.
ನೆಗ್ಗು ಹೆಚ್ಚಿದ್ದಷ್ಟೂ ಖುಷಿಪಟ್ಟಳು.

ನೂರಾ ಏಳರ ಮುಚ್ಚಳ ತಿರುಗಿಸಿ ಕೇಳಿದಳು:
ಈ ಚುಕ್ಕಿಗಳು ಅಲಂಕಾರವೆ?

ಅಲ್ಲ. ಮೊಳೆಯಲ್ಲಿ ಹೊಡೆದ ಕನ್ನಡ.
ಬಚ್ಚ ಖಾರ್ವಿ. ರೂಮು ೧೪.
ಕದ್ದವನಿಗೆ ಹೊಟ್ಟೆನೋವು.
ಜಾಗ ಸಾಲದೆ ‘ನೋವು’ ಅಂಚು ದಾಟಿ
ಮುಚ್ಚಳದ ಪಕ್ಕಕ್ಕೆ ಇಳಿದಿದೆ.

ಏನಂತ ಹೇಳಲಿ?
ಊಟಕ್ಕೆ ಮೊದಲಿನ ಒಂದು ಹಾರೈಕೆ, ಅಂದೆ.
ಅವಳು ಕಣ್ಣು ಮುಚ್ಚಿ ಬೆರಳಾಡಿಸಿದಳು.
ಇದು ಗಾಯವೋ, ಮೂಲದಲ್ಲೇ ಇದ್ದದ್ದೋ?
ಫಾರಮ್ಮಿನಲ್ಲಿ ಇರುವುದು ಎರಡೇ ಚೌಕ.
ಎರಡಕ್ಕೂ ಗುರುತು ಹಾಕಿದೆ.

ಗಾಳದ ದಾರದಲ್ಲಿ ಎಲ್ಲವನ್ನೂ ಮಾಡಿನಿಂದ ಇಳಿಬಿಟ್ಟೆವು.
ಹೆಸರು ‘ಝುಹರ್’: ನಡುಹಗಲು,
ಆ ಹೊತ್ತಿನ ನಮಾಜೂ ಹೌದು.
ಏಸಿ ಗಾಳಿ ಬಂದಾಗ ಒಂದಕ್ಕೊಂದು ತಾಗಿ
ಸಣ್ಣಗೆ ಕಿಣಿ ಅನ್ನುತ್ತಿದ್ದವು.
ಬಂದವರು ಈದ್ ಚಂದ್ರನನ್ನು ಹುಡುಕುವವರಂತೆ
ತಲೆಯೆತ್ತಿ ನಡೆಯುತ್ತಿದ್ದರು.
ಒಬ್ಬಾಕೆ ಅತ್ತಳು. ಸುಳ್ಳು ಅಳುವಲ್ಲ,
ಟಿಶ್ಯೂ ತಂದುಕೊಟ್ಟವಳು ನಾನೇ.

ಮೂರನೇ ಶುಕ್ರವಾರ ಅವನು ಬಂದ.
ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಹೊಸ ಕ್ಯಾರಿಯರ್.
ತಿನಿಸು ಒಳಗೆ ಬಿಡುವುದಿಲ್ಲವೆಂದು
ಕೌಂಟರಿನಲ್ಲಿ ಇಸಕೊಂಡು ಟೋಕನ್ ಕೊಟ್ಟರು.
ನಂದ್ ಯಾವ್ದ್, ಅಂದ. ತೋರಿಸಿದೆ.
ಕತ್ತು ನೋಯುವಷ್ಟು ಹೊತ್ತು ನೋಡಿದ.

ಹ್ವಾಯ್, ಅದನ್ ತೊಳ್ದಿದ್ರಿಯಾ?
ಇಲ್ಲ, ತೊಳೆಯಬಾರದು ಅಂತಲೇ ಒಪ್ಪಂದ.
ಛೆ, ಅಂದ. ಕಿವಿ ಕೆಂಪಾಯಿತು.
ಇಷ್ಟ್ ಜನ ಕಾಂತ್ರ್ ಅಂದೇಳಿ ಗೊತ್ತಿದ್ರೆ
ನಾನೇ ತೊಳ್ದ್ ಕೊಡ್ತಿದ್ದೆ.

ಟೋಕನ್ ಕೊಟ್ಟು ಬುತ್ತಿ ಬಿಡಿಸಿಕೊಂಡು
ಹೊರಗೆ ಮೆಟ್ಟಿಲ ಮೇಲಿನ ಒಂದು ಮೊಳ ನೆರಳಲ್ಲಿ ಕೂತ.
ಹೊಸ ಕೊಂಡಿ, ಬೆರಳು ತಾಗಿದ್ದೇ ತೆರೆಯಿತು.
ಸಾಸಿವೆ ಎಣ್ಣೆಯ ಘಾಟು, ಬದನೆಕಾಯಿ.

ಇದೂ ನಂದಲ್ಲ, ಅಂದ.
ಎಲ್ಲ ಒಂದೇ ನಮೂನಿ ಕೊಟ್ಟಿದ್ರಲೆ,
ಮೆಸ್ಸಲ್ಲ್ ಯಾರ್ದ್ ಯಾವ್ದ್ ಅಂದೇಳಿ ಗೊತ್ತಾತಿಲ್ಲ.
ನಿನ್ನೆ ನೇಪಾಳದವ್ನ್ ದಾಲ್ ಉಂಡೆ.
ನನ್ ಬಂಗ್ಡಿ ಯಾರ್ ಉಂಡ್ರೋ.

ಹೊಟ್ಟೆನೋವು ಬಂತಾ, ಕೇಳಿದೆ.

ಅವನಿಗೆ ತಿಳಿಯಲು ಒಂದು ಗಳಿಗೆ ಹಿಡಿಯಿತು.
ಆಮೇಲೆ ಅನ್ನ ನೆತ್ತಿಗೆ ಹತ್ತುವಷ್ಟು ನಕ್ಕ.
ಇಲ್ಲ, ಅಂದ. ಉಪ್ಪ್ ಒಂಚೂರ್ ಕಮ್ಮಿ.
ನಡುವಿನ ಡಬ್ಬಿ ನನ್ನ ಕಡೆ ಸರಿಸಿದ.