ತಿರುವುಮುರುವು

ಬಟೂಮಿಯ ಮಳೆಗೆ ಲೆಕ್ಕವಿಲ್ಲ.
ಗೋಡೆಗೆ ಹಸಿರು, ಬೂಟಿಗೆ ಹಸಿರು,
ಕಪಾಟಿನ ಕತ್ತಲಲ್ಲಿ ಸುಮ್ಮನಿದ್ದ ಗಾಜಿಗೂ
ಒಂದು ದಿನ ಬೂಷ್ಟು.

ಅದಕ್ಕೇ ಹೊಸ ಬೂಟು ಕೊಂಡವರ ಮನೆಗೆ ಹೋಗಿ
ಡಬ್ಬಿಯೊಳಗಿನ ಪುಟ್ಟ ಚೀಲ ಬೇಡುತ್ತೇನೆ,
ನಾಲ್ಕು ಭಾಷೆಯಲ್ಲಿ 'ತಿನ್ನಬೇಡಿ' ಎಂದು ಬರೆದದ್ದು.
ಭಾನುವಾರ ಆ ಹರಳುಗಳನ್ನು ಹುರಿದು ಒಣಗಿಸುವಾಗ
ಎತೇರಿ ಅನ್ನುತ್ತಾಳೆ,
"ಊರವರ ಬಾಣಲೆಯಲ್ಲಿ ಮೀನು, ನನ್ನದರಲ್ಲಿ ಮರಳು."

ಹಗಲೆಲ್ಲ ಬಂದರಿನ ಕ್ರೇನಿನಲ್ಲಿ ಕೂತು
ಇಪ್ಪತ್ತು ಟನ್ನು ಎತ್ತಿಳಿಸುವ ಕೈ ಇದು.
ರಾತ್ರಿ ಅಡುಗೆಮನೆಯ ಮೇಜಿನ ಮೇಲೆ ಇದೇ ಕೈಯಿಂದ
ಸಾಸಿವೆಯಷ್ಟು ತಿರುಪು ಜಾರುತ್ತದೆ.
ಜಾರಿದ ತಿರುಪು ನೇರ ಕೆಳಗೆ ಬಿದ್ದದ್ದನ್ನು
ಈ ಜನ್ಮದಲ್ಲಿ ಕಂಡಿಲ್ಲ.

ಲೆನ್ಸುಗಳು ಹನ್ನೊಂದು.
ಒಂದು, ಗೋನಿಯೋ ಕೋಟೆಯ ಕಲ್ಲಿಗೆ ಬಡಿದದ್ದು:
ಮುಂದಿದ್ದ ಅಗ್ಗದ ಫಿಲ್ಟರು ನುಚ್ಚಾಗಿ
ಹಿಂದಿನ ದುಬಾರಿಯನ್ನು ಉಳಿಸಿತು.
ಆ ನುಚ್ಚನ್ನು ಎಸೆಯಲಾರದೆ
ಬೆಂಕಿಪೊಟ್ಟಣದಲ್ಲಿ ಇಟ್ಟಿದ್ದೇನೆ.
ಹನ್ನೆರಡನೆಯದರ ಸುದ್ದಿ ಎತೇರಿಗೆ ಗೊತ್ತಿಲ್ಲ.

ಅದು ವಾರ್ಲಾಮನದು.
ಮೂವತ್ತು ಬೇಸಗೆ ಸಮುದ್ರದಂಡೆಯಲ್ಲಿ ನಿಂತು
ರಜೆಗೆ ಬಂದವರ ಪಟ ತೆಗೆದವನು.
ಈ ಊರಿನ ಯಾವ ಹಳೇ ಮನೆಗೂ ಹೋಗಿ,
ನಡುವೆ ಮುಖ, ಕಲ್ಲಲ್ಲಿ ಕಡೆದ ಹಾಗೆ;
ಅಂಚಿನಲ್ಲಿ ತಾಳೆಮರ, ಅಲೆ, ಕೊಡೆ, ಯಾರದೋ ಮಕ್ಕಳು
ಕಡೆಗೋಲಿಗೆ ಸಿಕ್ಕ ಮೊಸರಿನಂತೆ ಗಿರ್ರನೆ ಸುತ್ತುತ್ತ.
"ಸಮುದ್ರದ ಗಾಳಿಯನ್ನು ಹಿಡಿಯೋದು
ಅವನೊಬ್ಬನಿಗೇ ಗೊತ್ತಿತ್ತು" ಎನ್ನುತ್ತಾರೆ.
ನನ್ನಮ್ಮನ ಮದುವೆಯ ಮರುದಿನವೂ
ನಮ್ಮ ಗೋಡೆಯಲ್ಲಿ ಹಾಗೇ ಸುತ್ತುತ್ತಿದೆ.

ಅವನ ಹೆಂಡತಿ ತ್ಸಿಯಾಲ ದುಡ್ಡು ಬೇಡವೆಂದಳು.
"ಒಳಗೆ ಏನೋ ಬೆಳೆದಿದೆ, ನೋಡು ಮುರ್ಮಾನ್,"
ಮೊಮ್ಮಗುವಿನ ಕಿವಿ ತೋರಿಸುವವಳ ಹಾಗೆ.

ಟಾರ್ಚು ಹಿಡಿದೆ. ಎಲೆಯಿಲ್ಲದ ಮರ,
ಬಿಳಿ ನೂಲಿನ ಕೊಂಬೆ, ಕೊಂಬೆಗೆ ಕೊಂಬೆ.
ಅರದಲ್ಲಿ ಉಜ್ಜಿ ನಾನೇ ಮಾಡಿಕೊಂಡ ಸ್ಪ್ಯಾನರು,
ನಲವತ್ತು ವರ್ಷಕ್ಕೆ ಮೇಣವಾದ ಗ್ರೀಸು.
ಹೆಜ್ಜೆಗೊಂದು ಗುರುತು ಹಾಕಬೇಕು.
ಸುರುಳಿ ಎಲ್ಲಿ ಬಿಟ್ಟಿತೋ ಅಲ್ಲೇ ಕೂಡಬೇಕು;
ಒಂದು ಸುತ್ತು ತಪ್ಪಿದರೆ ಸಾಕು,
ಅನಂತ ಹತ್ತು ಮೀಟರಿಗೇ ಬಂದು ನಿಲ್ಲುತ್ತದೆ.

ಪೆರಾಕ್ಸೈಡು, ಅಮೋನಿಯ, ಹತ್ತಿ.
ನಡುವಿನಿಂದ ಅಂಚಿಗೆ, ಉಸಿರು ಹಿಡಿದು.
ಮರ ಕರಗಿತು, ಅದರ ನೆರಳು ಕರಗಲಿಲ್ಲ.
ಅದೂ ಅಷ್ಟು ವರ್ಷ ಏನಾದರೂ ತಿನ್ನಬೇಕಿತ್ತಲ್ಲ,
ಗಾಜಿನ ಮೇಲಿನ ಲೇಪವನ್ನೇ ತಿಂದಿತ್ತು.

ಆಗ ಕಂಡದ್ದು:
ಮುಂದಿನ ಗಾಜು ಹಿಂದುಮುಂದು.
ಹೊಟ್ಟೆ ಒಳಕ್ಕೆ, ಬೆನ್ನು ಹೊರಕ್ಕೆ.
ಯಾರೋ ಬಿಚ್ಚಿದವರು ತಿರುಗಿಸಿ ಬಿಗಿದಿದ್ದಾರೆ.

ಹಾಗಾದರೆ, ಆ ಸಮುದ್ರದ ಗಾಳಿ?

ಉಂಗುರದ ಒಳಬದಿಗೆ ಸೂಜಿಯಲ್ಲಿ ಗೀಚಿದ ಗುರುತು:
ಮಾರ್ಚ್ ೧೭, ೧೯೭೧.
ಹೆಸರಿಲ್ಲ. ತಪ್ಪಾಯಿತು ಎಂದಿಲ್ಲ,
ಬೇಕೆಂದೇ ಎಂದೂ ಇಲ್ಲ.

ಸರಿಮಾಡಿದೆ.
ತಪ್ಪು ಕಂಡ ಕೈ ಸುಮ್ಮನಿರುವುದಿಲ್ಲ.

ಬೆಳಗ್ಗೆ ತ್ಸಿಯಾಲಳನ್ನೇ ಅವಳ ಬಾಲ್ಕನಿಯಲ್ಲಿ ನಿಲ್ಲಿಸಿ ತೆಗೆದೆ.
ಮೂಲೆಮೂಲೆಯೂ ಚೊಕ್ಕ:
ಗ್ಯಾಸಿನ ಪೈಪು, ಪಕ್ಕದವರು ಒಣಹಾಕಿದ ಕಾಲುಚೀಲ,
ಕಾಲುಚೀಲದ ತೂತು.
ಬಹಳ ಹೊತ್ತು ನೋಡಿದಳು.
"ಚೆನ್ನಾಗಿದೆ. ಪಾಸ್‌ಪೋರ್ಟಿಗೆ ಕೊಡಬಹುದು."
ಆಮೇಲೆ, ಕನ್ನಡಕ ತೆಗೆಯುತ್ತ,
"ಒಬ್ಬಳೇ ನಿಂತಿರೋದು ಕಾಣ್ತದೆ."

ಈ ರಾತ್ರಿ ಮತ್ತೆ ಬಿಚ್ಚಿದೆ.
ಹೊಟ್ಟೆ ಒಳಕ್ಕೆ, ಬೆನ್ನು ಹೊರಕ್ಕೆ.
ಹಳೆಯ ತಾರೀಖಿನ ಕೆಳಗೆ ಇವತ್ತಿನದನ್ನು ಗೀಚಿದೆ.
ಕಾರಣ ಬರೆಯಲು ಸೂಜಿ ಎತ್ತಿದೆ, ಜಾಗ ಸಾಲಲಿಲ್ಲ.

ಎಲ್ಲ ಬಿಗಿದು ಒರೆಸಿ ಮುಚ್ಚಳ ಹಾಕಿ ನೋಡಿದರೆ
ಮೇಜಿನ ಮೇಲೆ ಇನ್ನೂ ಒಂದು ತಿರುಪು.
ಹೊಳೆಯುತ್ತಿದೆ.
ಎಲ್ಲಿಯದೋ ತಿಳಿಯುತ್ತಿಲ್ಲ.
ಬಾಗಿಲಲ್ಲಿ ಎತೇರಿ, ನಿದ್ದೆಗಣ್ಣಲ್ಲಿ,
"ಇದು ಹನ್ನೆರಡನೆಯದಲ್ಲವೆ?"