ಗೀರು

ಮೆಡ್ಲೇರಿ ಹೈಸ್ಕೂಲ್ ಬಯಲಿನಲ್ಲಿ ಭಾನುವಾರದ ಮ್ಯಾಚು.
ನಾನು ಸ್ಕೋರರ್. ಮುರುಕು ಬೆಂಚು, ನೀಲಿ ಪೆನ್ನು,
ರನ್ನಿಗೊಂದು ಗೀಟು; ನಾಲ್ಕಾದ ಮೇಲೆ ಅಡ್ಡ ಎಳೆದರೆ ಐದು.
ಎಳೆದಷ್ಟನ್ನೂ ಗಂಟಲು ಹರಿಯುವಂತೆ ಕೂಗಬೇಕು.
ಬೌಂಡರಿಯ ಸುಣ್ಣದ ಮೇಲೆಯೇ ಕೂತು
ಮುತ್ಯಾ ಕುರಿಯ ಉಣ್ಣೆ ಕತ್ತರಿಸುತ್ತಿದ್ದಾನೆ.
ಸರಿದು ಕೂಡ್ರು ಅಂದರೆ,
'ಈ ಬಯಲು ಮೊದಲು ಕುರೀದು, ಆಮ್ಯಾಲೆ ನಿಮ್ದು.'

ಮೊನ್ನೆ ರಾಣೆಬೆನ್ನೂರ ಲೈಬ್ರರಿಯಲ್ಲಿ
ಇಟ್ಟಿಗೆ ದಪ್ಪದ ಪದಕೋಶ ತೆರೆದಿದ್ದೆ.
ಸ್ಕೋರು ಅಂದರೆ ಮೊದಲಿಗೆ ಆಟವಲ್ಲ, ಅಂಕವಲ್ಲ,
ಕಚ್ಚು.
ಕೋಲಿನ ಮೈಯಲ್ಲಿ ಚಾಕು ಕೊರೆದ ಕಚ್ಚು.
ಹಿಮದ ನಾಡಿನಿಂದ ದೋಣಿ ಏರಿ ಬಂದ ಮಾತು.
ಕುರಿ ಎಣಿಸುತ್ತ ಎಣಿಸುತ್ತ
ಇಪ್ಪತ್ತಾದಾಗೊಮ್ಮೆ ಕೊರೆಯುತ್ತಿದ್ದರಂತೆ;
ಅದಕ್ಕೇ ಸ್ಕೋರು ಅಂದರೆ ಇಪ್ಪತ್ತೂ ಹೌದು.
ಕೆಳಗೆ, ಇರುವೆಯಂಥ ಅಕ್ಷರದಲ್ಲಿ:
ಉಣ್ಣೆ ಕತ್ತರಿಸುವುದಕ್ಕೆ ಅವರಾಡುವ ಪದವೂ
ಇದೇ ಬೇರಿನ ಇನ್ನೊಂದು ಚಿಗುರು.
ಜೋರಾಗಿ ನಕ್ಕುಬಿಟ್ಟೆ. ಲೈಬ್ರರಿ ಅಕ್ಕ ಗದರಿದಳು.

ಮುತ್ಯಾನಿಗೆ ಹೇಳಿದರೆ ಕತ್ತರಿ ನಿಲ್ಲಿಸಲಿಲ್ಲ:
'ಇಷ್ಟು ತಿಳ್ಕೊಳ್ಳಾಕ ಅಷ್ಟು ದಪ್ಪ ಪುಸ್ತಕ ಬೇಕಾತೇನ?'

ಎಂಟನೆಯ ಓವರಿಗೆ ಜಗಳ.
ಅರವತ್ತೊಂದು ಅಂತ ಅವರು, ಅರವತ್ತೆರಡು ಅಂತ ನಮ್ಮ ಮಾಲತೇಶ.
ನನ್ನ ಪುಟದ ಮೇಲೆ ಯಾರದೋ ಚಹಾ ಚೆಲ್ಲಿ
ಕೊನೆಯ ಗೀಟು ನೀಲಿ ಕೆಸರಾಗಿದೆ.
'ಹುಡಿಗಿ ಕೈಯಾಗ ಲೆಕ್ಕ ಕೊಟ್ರ ಹಿಂಗ' ಅಂದ ಎದುರು ಕ್ಯಾಪ್ಟನ್.

ಮುತ್ಯಾ ಕಂಬಳಿಯ ಅಡಿಯಿಂದ ಜಾಲಿ ಕೋಲು ತೆಗೆದ.
ಕಣ್ಣಿಗೆ ಪೊರೆ ಬಂದು ಮೂರು ವರ್ಷ;
ಚೆಂಡು ಬಿಡು, ಕ್ಯಾಪ್ಟನ್ನನ ಮೋರೆಯೂ ಕಾಣದು.
ಹೆಬ್ಬೆರಳಾಡಿಸಿದ.
'ಇಪ್ಪತ್ತು. ಇಪ್ಪತ್ತು. ಇಪ್ಪತ್ತು. ಮ್ಯಾಲೆ ಎರಡು.
ನಮ್ಮ ಹುಡಿಗಿ ಒದರಿದ್ದು ಇಷ್ಟು.'

ಆಟ ಮುಂದುವರಿಯಿತು. ಏಳು ರನ್ನಿನಿಂದ ಸೋತೆವು.

ಸಂಜೆ ಆ ಕೋಲು ಇಸಿದುಕೊಂಡು ನೋಡಿದೆ.
ಹಿಂದಿನ ಮಗ್ಗುಲಿಗೆ ಹಳೆಯ ಕಚ್ಚುಗಳು,
ಕೈಯ ಜಿಡ್ಡು ಕುಡಿದು ಕರ್ರಗೆ:
ಅಗಲದವು ನಾಲ್ಕು, ಸಣ್ಣವು ಹನ್ನೊಂದು.
ಕೊನೆಯದು ಅರ್ಧಕ್ಕೇ ನಿಂತಿದೆ.
'ಇದ್ಯಾಕ ಅರ್ಧ?'
'ಹೊಳಿ ದಾಟುವಾಗ ಹೋತು.
ಕೊರೀಲಿಕ್ಕೆ ಹತ್ತಿದ್ನಿ, ಆಗ ನೋಡಿದೆ, ನೀರಾಗ ಬರೇ ಕಿವಿ.'
ಆಮೇಲೆ ತುಸು ತಡೆದು,
'ಎಣಿಸಬೇಕೋ ಬ್ಯಾಡೋ ಅನ್ನೂದು ಇನ್ನಾ ಹರದಿಲ್ಲ.'

ರಾತ್ರಿ ಸ್ಕೋರ್ ಬುಕ್ಕು ತೆರೆದೆ.
ಚಹಾದ ಕಲೆಯ ಮೇಲೆ ಆ ಗೀಟನ್ನು
ಮತ್ತೊಮ್ಮೆ ಎಳೆದೆ, ಒತ್ತಿ.
ನೆನೆದು ಒಣಗಿದ ಹಾಳೆ, ಚರ್ರನೆ ಹರಿಯಿತು.
ಕರೆಂಟು ಹೋಯಿತು.
ಹೆಬ್ಬೆರಳಿಗೆ ಸಿಗುತ್ತಿತ್ತು.