ಹೆಚ್ಚುವರಿ ಪಾಳಿ

ನಾಲ್ಕೂ ಕ್ವಾರ್ಟರ್ ಮುಗಿದು ಇಪ್ಪತ್ತು–ಇಪ್ಪತ್ತು.
ಅಂಗಡಿಯ ಟೀವಿಯೊಳಗೆ ಹಿಮ ಬೀಳುತ್ತಿತ್ತು,
ಕಿಟಕಿಯಾಚೆ ರಿಜ್ ರಸ್ತೆಯ ಮೇಲೂ ಅದೇ ಹಿಮ.
ಸ್ಟೇಡಿಯಂ ಇಲ್ಲಿಂದ ಕೂಗಳತೆ ದೂರ;
ಒಂದೇ ಮೋಡ ಎರಡೂ ಕಡೆ ದುಡಿಯುತ್ತಿತ್ತು.

ಲಾಟರಿ ಟಿಕೆಟ್ಟಿನ ಗಾಜಿಗೆ ಮೊಣಕೈ ಊರಿ
ಕಾಜಿಮಿರ್ ದುದೆಕ್ ನಿಂತಿದ್ದ. ಎಪ್ಪತ್ತೊಂದು ವರ್ಷ,
ತಂಡದ ಉಣ್ಣೆ ಟೊಪ್ಪಿಗೆ, ಆರಿಹೋದ ಕಾಫಿ.
ರೆಫರಿ ನಾಣ್ಯ ಹೊರತೆಗೆದದ್ದೇ ತಡ,
ಮುಖ ತಿರುಗಿಸಿ
ಬ್ರೆಡ್ಡಿನ ಪೊಟ್ಟಣದ ತಾರೀಖು ಓದತೊಡಗಿದ.

ನಿಯಮ ಇಷ್ಟೆ:
ಟಾಸ್ ಗೆದ್ದವರಿಗೆ ಮೊದಲು ಚೆಂಡು.
ಅವರದನ್ನು ಗೆರೆ ದಾಟಿಸಿಬಿಟ್ಟರೆ ಆಟ ಅಲ್ಲಿಗೆ ಖತಂ.
ಆಚೆ ಕಡೆಯ ಹುಡುಗ, ಎಸೆಯುವ ತೋಳಿನವನು,
ಹೆಗಲಿಗೆ ಕೋಟು ಹೊದ್ದು ಬೆಂಚಿನ ಮೇಲೆ ಕೂತಲ್ಲೇ ಸೋಲುತ್ತಾನೆ.
ಹಠಾತ್ ಸಾವು ಎನ್ನುತ್ತಿದ್ದರು ಹಿಂದೆ.

ಚಿಪ್ಸ್ ಕೊಳ್ಳಲು ಬಂದ ಹೈಸ್ಕೂಲು ಹುಡುಗರ ಜಗಳ:
"ತಡೆಯೋದೂ ಆಟವೇ. ತಡೆಯಲಾರದವನು ಅಳಬಾರದು."
"ಇಬ್ಬರಿಗೂ ಒಂದೊಂದು ಸಲ ಕೊಡಲಿ, ಆಮೇಲೆ ಸಾಯಲಿ."
"ಹೀಗೇ ಕೊಡ್ತಾ ಹೋದರೆ ಬೆಳಗಾಗುತ್ತೆ,
ಅವರ ಮಂಡಿಯೇನು ಉಕ್ಕಿನದಾ?"

ಉಕ್ಕು ಅಂದದ್ದಕ್ಕೆ ಕಾಜಿಮಿರ್ ತಲೆಯೆತ್ತಿದ.

ಎಂಬತ್ತೆರಡರ ಡಿಸೆಂಬರ್.
ಸರೋವರದ ದಂಡೆಯ ಕಾರ್ಖಾನೆ
ಒಂದೊಂದೇ ಕುಲುಮೆ ಆರಿಸುತ್ತ ಬಂದು
ಕೋಕ್ ಒಲೆಗಳನ್ನಷ್ಟೇ ಉಳಿಸಿಕೊಂಡಿತ್ತು.
ಅಲ್ಲಿ ಉಳಿದದ್ದು ಒಂದು ಕೆಲಸ.
ಮೊದಲು ಸೇರಿದವನಿಗೆ ಮೊದಲ ಹಕ್ಕು, ಯೂನಿಯನ್ನಿನ ಮಾತು.
ಆದರೆ ಯೆಮನ್ನಿನಿಂದ ಬಂದ ನನ್ನ ಬಾಬಾ ಮುಸೇದ್,
ಮತ್ತು ಮುಂದಿನ ಬೀದಿಯ ಈ ಕಾಜಿಮಿರ್,
ಒಂದೇ ದಿನ ಒಂದೇ ಸಾಲಿನಲ್ಲಿ ನಿಂತು ಬಿಲ್ಲೆ ಪಡೆದವರು.
ಹನ್ನೊಂದು ವರ್ಷ ಒಂದೇ ಪಾಳಿ, ಒಂದೇ ಡಬ್ಬಿಯ ಉಪ್ಪು.
ಅಂಕ ಸಮಸಮ.
ಫೋರ್‌ಮನ್ ಜೇಬು ತಡಕಿದ.
ಸಿಕ್ಕಿದ್ದು ಕಾಲು ಡಾಲರು; ಅದಕ್ಕೂ ಕ್ವಾರ್ಟರ್ ಅಂತಲೇ ಹೆಸರು.
ಕಾಜಿಮಿರ್ "ಮುಖ" ಅಂದ.
ಹದ್ದು ಬಿತ್ತು.

ಪಾಲಿಗೆ ಬಂದದ್ದು ಪಂಚಾಮೃತ ಅನ್ನುವುದು ಸುಲಭ.
ಪಾಳಿಯೇ ಬರದವನ ಎದುರು ನಿಂತು ಅಂದು ನೋಡಿ.

ಅವನು ಶಾಲೆಯ ಬಸ್ಸು ಓಡಿಸಿದ,
ಸತ್ತವರ ಮನೆಗಳ ಸೋಫಾ ಹೊತ್ತ,
ಹೆಂಡತಿ ಹಲೀನಾಳ ಪಿಯಾನೊ ಮಾರಿದ.
ಗೆದ್ದ ಬಾಬಾ ಹತ್ತೊಂಬತ್ತು ವರ್ಷ
ಮರದ ಅಟ್ಟೆಯ ಬೂಟು ತೊಟ್ಟು ಒಲೆಗಳ ನೆತ್ತಿಯ ಮೇಲೆ ನಡೆದ,
ಕರೆದಾಗೆಲ್ಲ ಓಟಿ ಮಾಡಿದ, ಗಂಟೆಗೆ ಒಂದೂವರೆ ಪಟ್ಟು.
ಆ ಓಟಿಯ ದುಡ್ಡು ಈ ಅಂಗಡಿ, ಈ ಫ್ರಿಜ್ಜು, ಈ ಟೀವಿ.
ಆ ಓಟಿಯ ಹೊಗೆ ಎದೆಯೊಳಗೆ ಗೂಡು ಕಟ್ಟಿತು.

ಗುರುವಾರ ಗುರುವಾರ ಆಸ್ಪತ್ರೆಗೆ
ಕರೆದೊಯ್ಯುತ್ತಿದ್ದವನು ಕಾಜಿಮಿರ್.
ನಾಣ್ಯದ ಮಾತು ಇಬ್ಬರೂ ಎತ್ತುತ್ತಿರಲಿಲ್ಲ.
ಒಂದು ಸಲ ಮಾತ್ರ, ಹಿಂದಿನ ಸೀಟಿನಲ್ಲಿ ನಾನಿದ್ದೆ,
ಬಾಬಾ ಆಮ್ಲಜನಕದ ನಳಿಗೆ ಸರಿಸಿ ಹೇಳಿದ:
"ವಾರ ನಿನಗೆ, ವಾರ ನನಗೆ ಅಂತ ಹಂಚಿಕೊಳ್ಳಬಹುದಿತ್ತು, ಕಾಜ್.
ಯಾಕೆ ಹೊಳೀಲಿಲ್ಲ?"
ಇವನು ಸಿಗ್ನಲ್ ದಾಟುವ ತನಕ ಸುಮ್ಮನಿದ್ದ.
"ನಿಯಮದಲ್ಲಿ ಇರಲಿಲ್ಲ," ಅಂದ.

ಟೀವಿಯಲ್ಲಿ ಆರೇಳು ಎಸೆತ, ಗೆರೆ ದಾಟಿತು.
ಹುಡುಗರು ಕಪಾಟು ಗುದ್ದಿದರು.
ಕ್ಯಾಮೆರಾ ಹುಡುಕಿಕೊಂಡು ಹೋಗಿ ತೋರಿಸಿತು
ಕೋಟು ಹೊದ್ದವನ ಕೈಗಳನ್ನು. ಬೆಚ್ಚಗಿದ್ದವು, ಒಣಗಿದ್ದವು.
ಕಾಜಿಮಿರ್ ಹೊರಗೆ ಹೋಗಿ ನನ್ನ ಕಾರಿನ ಗಾಜಿನ ಹಿಮ ಕೆರೆದು
ಒಳಬಂದ. ಯಾರು ಗೆದ್ದರು ಅಂತ ಕೇಳಲಿಲ್ಲ.
"ಚೆಂಡು ಮೊದಲು ಯಾರಿಗೆ ಸಿಕ್ತು?"

ವಸಂತಕ್ಕೆ ನಿಯಮ ತಿದ್ದಿದರು:
ಪ್ಲೇಆಫ್ ಆಟಗಳಲ್ಲಿ ಇಬ್ಬರಿಗೂ ಒಂದೊಂದು ಸರದಿ.
ಪೇಪರು ಮಡಿಸಿ ಅವನ ಮುಂದಿಟ್ಟೆ.
ಕನ್ನಡಕ ಏರಿಸಿ ಎರಡು ಸಲ ಓದಿದ,
ಬೆರಳಿನಿಂದ ಒಂದು ಸಾಲು ಮುಟ್ಟಿದ.
"ಟಾಸ್ ಇನ್ನೂ ಇದೆ," ಅಂದ,
ಕೊಟ್ಟ ಚಿಲ್ಲರೆಯನ್ನು ನೋಡದೆ
ಜೇಬಿಗೆ ಸುರಿದುಕೊಂಡ.